ಕಲ್ಲಿನ ಮನೆಯ ಪಕ್ಕ ಎರಡು ರಾತ್ರಿ

ಕಳೆದ ರಜೆಯಲ್ಲಿ ಒಂದು ಫೋಟೋ ನೋಡಿದೆ. ದೊಡ್ಡ ಬಂಡೆ, ಅದರ ಮೇಲೆ ಕೊರೆದ ಬರಹ. ಅಕ್ಷರ ನೋಡಿದ ಕೂಡಲೇ ಇದು ನಮ್ಮ ಕಡೆಯ ಯಾವುದೋ ಹಳೆಯ ದರ್ಗಾದ ಕಲ್ಲು, ಬಿಜಾಪುರದ್ದೇ ಇರಬೇಕು ಎಂದುಕೊಂಡು ದಾದಾ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಉರ್ದು ಅಲ್ಲ ಬೇಟಾ, ಫಾರ್ಸಿ" ಎಂದರು. ಕೆಳಗಿದ್ದ ಊರಿನ ಹೆಸರು ಓದಿ ಹೇಳಿದಾಗ ಅವರೂ ನಂಬಲಿಲ್ಲ. ಆ ಕಲ್ಲು ಇರುವುದು ಸ್ಕಾಟ್‌ಲೆಂಡಿನ ಉತ್ತರ ತುದಿಯಿಂದಲೂ ಆಚೆ, ಸಮುದ್ರದ ನಡುವಿನ ಆರ್ಕ್ನಿ ಎಂಬ ದ್ವೀಪಗಳಲ್ಲಿ.

ಬರೆದವರ ಹೆಸರು ವಿಲಿಯಂ ಮೌನ್ಸಿ. ಪರ್ಷಿಯಾ ಮತ್ತು ಅಫ್ಘಾನಿಸ್ತಾನದ ಕಡೆ ಬ್ರಿಟಿಷರ ಗೂಢಚಾರನಾಗಿದ್ದ ಸೈನಿಕ. 1850ರಲ್ಲಿ ಅವರು ಆರ್ಕ್ನಿಯ ಹೋಯ್ ದ್ವೀಪಕ್ಕೆ ಬಂದು, ಐದು ಸಾವಿರ ವರ್ಷ ಹಳೆಯದೆನ್ನುವ ಒಂದು ಗೋರಿಯ ಬಳಿ ತಂಗಿದರು. ಹೋಗುವಾಗ ತಮ್ಮ ಹೆಸರನ್ನು ಲ್ಯಾಟಿನ್ ರೂಪದಲ್ಲಿ ತಿರುಗುಮುರುಗಾಗಿ ಕೊರೆದರು. ಫಾರ್ಸಿಯಲ್ಲಿ ಕೊರೆದದ್ದರ ಅರ್ಥ ಇಷ್ಟೇ: ಎರಡು ರಾತ್ರಿ ಕೂತೆ, ತಾಳ್ಮೆ ಕಲಿತೆ. ತಾಳ್ಮೆ ಎಂದರೆ ನಮ್ಮ ಮನೆಯಲ್ಲಿ ಅಮ್ಮಿ ದಿನಕ್ಕೆ ಹತ್ತು ಸಲ ಹೇಳುವ ಸಬರ್. ಅಲ್ಲಿನ ಸಣ್ಣ ಸೊಳ್ಳೆಯಂಥ ಹುಳಗಳ ಕಾಟದಿಂದಲೇ ಅವರಿಗೆ ತಾಳ್ಮೆ ಬಂದಿರಬೇಕು ಎಂದು ನಗೆಯಾಡುವವರೂ ಇದ್ದಾರೆ.

ಆ ಗೋರಿಯ ಹೆಸರು ಡ್ವಾರ್ಫಿ ಸ್ಟೇನ್, ಅಂದರೆ ಕುಳ್ಳರ ಕಲ್ಲು. ಇದು ಕಟ್ಟಿದ್ದಲ್ಲ, ಕೊರೆದದ್ದು. ಸುಮಾರು ಎಂಟೂವರೆ ಮೀಟರ್ ಉದ್ದದ ಒಂದೇ ಮರಳುಗಲ್ಲಿನ ಬಂಡೆ. ಅದರ ಪಕ್ಕದಲ್ಲಿ ಚೌಕದ ಬಾಗಿಲು, ಒಳಗೆ ಗಿಡ್ಡ ಓಣಿ, ಎಡಕ್ಕೊಂದು ಬಲಕ್ಕೊಂದು ಗೂಡು. ಒಂದು ಗೂಡಿನಲ್ಲಿ ಕಲ್ಲನ್ನು ದಿಂಬಿನಂತೆ ಉಬ್ಬಿಸಿ ಬಿಟ್ಟಿದ್ದಾರೆ. ಆಗ ಆ ದ್ವೀಪಗಳಲ್ಲಿ ಲೋಹವೇ ಇರಲಿಲ್ಲ. ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ, ಪುಡಿ ತೆಗೆದು ಇಷ್ಟು ಒಳಗೆ ಹೋಗಿದ್ದಾರೆ. ಬಾಗಿಲು ಮುಚ್ಚುತ್ತಿದ್ದ ಕಲ್ಲಿನ ದಿಮ್ಮಿ ಈಗಲೂ ಎದುರಿಗೇ ಬಿದ್ದಿದೆ. ಒಳಗೆ ಮೂಳೆ ಇಲ್ಲ, ಮಡಕೆ ಇಲ್ಲ. ಯಾವ ಕಾಲದಲ್ಲೋ ಯಾರೋ ಮೇಲಿನಿಂದ ತೂತು ಕೊರೆದು ಇಳಿದಿದ್ದರು. ಆ ತೂತನ್ನು ಈಚೆಗೆ ಕಾಂಕ್ರೀಟಿನಿಂದ ಮುಚ್ಚಿದ್ದಾರೆ.

ಈ ಜಾಗಕ್ಕೆ ಇಂದಿಗೂ ಬೆನ್ನಿಗೆ ಡೇರೆ ಕಟ್ಟಿಕೊಂಡು ಒಬ್ಬೊಬ್ಬರೇ ಹೋಗುವವರಿದ್ದಾರೆ. ದಾರಿ ಹೀಗಿದೆ. ಸ್ಕಾಟ್‌ಲೆಂಡಿನ ಸ್ಕ್ರಾಬ್‌ಸ್ಟರ್ ಬಂದರಿನಿಂದ ಹಡಗಿನಲ್ಲಿ ಒಂದೂವರೆ ಗಂಟೆ ಹೋದರೆ ಸ್ಟ್ರಾಮ್‌ನೆಸ್ ಎಂಬ ಊರು. ದಿನಸಿ ಅಲ್ಲೇ ಕೊಳ್ಳಬೇಕು, ಮುಂದೆ ಅಂಗಡಿ ಸಿಗುವ ಭರವಸೆ ಇಲ್ಲ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ಹೋಯ್ ದ್ವೀಪದ ಮೋನೆಸ್. ನಂತರ ನಡಿಗೆ. ಎರಡು ಬೋಳು ಗುಡ್ಡಗಳ ನಡುವಿನ ಕಣಿವೆಯಲ್ಲಿ ಈ ಕಲ್ಲು ಒಂಟಿಯಾಗಿ ಕೂತಿದೆ. ಅದನ್ನು ದಾಟಿ ಹೋದರೆ ಕಣಿವೆ ಸಮುದ್ರಕ್ಕೆ ತೆರೆಯುವಲ್ಲಿ ರಾಕ್‌ವಿಕ್ ಎಂಬ ಕೊಲ್ಲಿ. ಎರಡೂ ಕಡೆ ಕೆಂಪು ಕಡಿದಾದ ಬಂಡೆಗೋಡೆ, ದಡದಲ್ಲಿ ಮರಳಿಗಿಂತ ಹೆಚ್ಚಾಗಿ ಅಲೆಗೆ ಉರುಳಿ ನುಣುಪಾದ ಗುಂಡುಕಲ್ಲುಗಳು. ಅಲ್ಲಿಂದ ಹೋಗಿಬರಲು ಮೂರು ಗಂಟೆಯ ದಾರಿಯಲ್ಲಿ ಸಮುದ್ರದೊಳಗೆ ಎದ್ದು ನಿಂತ 137 ಮೀಟರ್ ಎತ್ತರದ ಕಲ್ಲಿನ ಕಂಬ, ಓಲ್ಡ್ ಮ್ಯಾನ್ ಆಫ್ ಹೋಯ್. ಅದನ್ನು ಮೊದಲ ಬಾರಿ ಹತ್ತಿದ್ದು 1966ರಲ್ಲಿ.

ಯಾರ ಜಮೀನಿನಲ್ಲೋ ಡೇರೆ ಹಾಕಿದರೆ ಓಡಿಸುವುದಿಲ್ಲವೇ ಎಂದು ಅಬ್ಬಾ ಕೇಳಿದರು. ನಮ್ಮದು ಶಾಮಿಯಾನದ ಅಂಗಡಿ, ಜಾಗದ ಮಾಲೀಕರ ಜೊತೆ ಅವರ ಜಗಳ ಮುಗಿಯುವುದೇ ಇಲ್ಲ. ಉತ್ತರ ಹುಡುಕಿದೆ. ಸ್ಕಾಟ್‌ಲೆಂಡಿನಲ್ಲಿ 2003ರಲ್ಲಿ ಭೂಸುಧಾರಣಾ ಕಾಯ್ದೆ ಎಂಬುದು ಬಂತು. ಅದರ ಪ್ರಕಾರ ಹೆಚ್ಚಿನ ಬಯಲು, ಗುಡ್ಡ, ಕಡಲದಡಗಳಲ್ಲಿ ನಡೆಯಲು, ಒಂದು ಚಿಕ್ಕ ಡೇರೆ ಹಾಕಿ ಮಲಗಲು ಎಲ್ಲರಿಗೂ ಹಕ್ಕಿದೆ. ಬಾಡಿಗೆ ಇಲ್ಲ, ಅನುಮತಿ ಕೇಳಬೇಕಾಗಿಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಬಹುತೇಕ ಕಡೆ ಮಾಲೀಕರನ್ನು ಕೇಳಲೇಬೇಕು. ಪುಕ್ಕಟೆ ಎಂದರೆ ನಾವು ಕಾಮರ್ಸ್ ಹುಡುಗರಿಗೆ ಅನುಮಾನ ಬರುತ್ತದೆ, ಖರ್ಚು ಎಲ್ಲೋ ಇರಲೇಬೇಕು. ಇಲ್ಲಿ ಖರ್ಚು ನಡತೆಯಲ್ಲಿದೆ. ಹಕ್ಕು ಹೊಣೆಯಿಂದ ನಡೆದುಕೊಳ್ಳುವವರಿಗೆ ಮಾತ್ರ. ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಇರಬಾರದು. ಬೆಳೆ ಅಥವಾ ದನಕರು ಇರುವ ಬೇಲಿಯೊಳಗೆ ಹಾಕಬಾರದು. ಶೌಚಕ್ಕೆ ಹೋದರೆ ನೀರಿನಿಂದ 30 ಮೀಟರಾದರೂ ದೂರ ಹೋಗಿ, ಗುಂಡಿ ತೋಡಿ ಮುಚ್ಚಬೇಕು. ಹೋಯ್ ದ್ವೀಪದ ನೆಲದಂಥ ಪೀಟ್ ನೆಲದಲ್ಲಿ, ಅಂದರೆ ಕೊಳೆತ ಸಸ್ಯಗಳಿಂದಾದ ಮಣ್ಣಿನಲ್ಲಿ, ಬೆಂಕಿ ಹಾಕಬಾರದು. ಆ ಮಣ್ಣೇ ಉರಿಯುತ್ತದೆ. ಜೊತೆಗೆ, ಹಳೆಯ ಸ್ಮಾರಕಗಳಿಂದ ದೂರವೇ ಡೇರೆ ಹಾಕಬೇಕು. ಹಾಗಾಗಿ ಮೌನ್ಸಿ ಮಾಡಿದ್ದನ್ನು ಈಗ ಮಾಡುವ ಹಾಗಿಲ್ಲ. ಕಲ್ಲನ್ನು ನೋಡಿ, ನಡೆದು ಹೋಗಿ, ರಾಕ್‌ವಿಕ್‌ನ ಹುಲ್ಲಿನ ಮೇಲೆ ಮಲಗುವುದು ಸರಿಯಾದ ಕ್ರಮ.

ಮಲಗುವುದು ಸುಲಭವೂ ಅಲ್ಲ. ಆರ್ಕ್ನಿಯಲ್ಲಿ ಮರಗಳು ಬಹಳ ಕಡಿಮೆ, ಗಾಳಿಗೆ ತಡೆಯಿಲ್ಲ. ಇದು ನನಗೆ ಓದಿ ತಿಳಿಯಬೇಕಾಗಿರಲಿಲ್ಲ. ಗಾಳಿ ಬಂದಾಗ ಶಾಮಿಯಾನ ಹೇಗೆ ಹಾರುತ್ತದೆ ಎಂದು ಮದುವೆ ಮನೆಗಳಲ್ಲಿ ನೋಡಿದ್ದೇನೆ. ಬಟ್ಟೆ ಹರಿಯುವುದಕ್ಕಿಂತ ಮುಂಚೆ ಗೂಟ ಕೀಳುತ್ತದೆ. ಗೂಟವನ್ನು ನೆಟ್ಟಗೆ ಹೊಡೆಯದೆ ಹಗ್ಗದ ಎದುರು ದಿಕ್ಕಿಗೆ ಓರೆ ಮಾಡಿ ಹೊಡೆಯಬೇಕು. ಆದರೆ ಒದ್ದೆ ಪೀಟ್ ನೆಲದಲ್ಲಿ ಗೂಟಕ್ಕೆ ಹಿಡಿತ ಸಿಗುವುದಿಲ್ಲ, ಉದ್ದದ ಗೂಟ ಬೇಕು. ಡೇರೆ ಗಿಡ್ಡದಾಗಿರಬೇಕು, ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ಇವನ್ನೆಲ್ಲ ಒಬ್ಬರೇ ಮಾಡುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಯಾರೂ ಇರುವುದಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾವಾಗ ಮರಳುತ್ತೇನೆ ಎಂದು ಯಾರಿಗಾದರೂ ಹೇಳಿ ಹೊರಡಬೇಕು. ಬೇಸಿಗೆಯಲ್ಲಿ ಬಾಂಕ್ಸಿ ಎಂಬ ದೊಡ್ಡ ಕಡಲಹಕ್ಕಿ ಮರಿಗಳ ಹತ್ತಿರ ಬಂದವರ ತಲೆಗೇ ಎರಗುತ್ತದೆ. ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ನಡೆಯುವುದೇ ಉಪಾಯ.

ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಯ ಹೊತ್ತಿಗೆ, ಹುಟ್ಟುವುದು ನಾಲ್ಕಕ್ಕೆ. ನಡುವೆ ಪೂರ್ತಿ ಕತ್ತಲೆ ಆಗುವುದೇ ಇಲ್ಲ. ಇದನ್ನು ಹೇಳಿದ ಕೂಡಲೇ ದಾದಾ ಕೇಳಿದ್ದು, "ಹಾಗಾದರೆ ಇಶಾ ಯಾವಾಗ?" ಇಂಥ ಊರುಗಳಿಗೆ ಉಲಮಾಗಳು ಬೇರೆ ಲೆಕ್ಕ ಹೇಳಿದ್ದಾರೆ ಎಂದು ಆಮೇಲೆ ಅವರೇ ವಿವರಿಸಿದರು.

ಆರ್ಕ್ನಿಯಲ್ಲಿ ಇಂಥ ಪ್ರಾಚೀನ ಗೋರಿಗಳು ಇನ್ನೂ ಬಹಳ ಇವೆ, ಆದರೆ ಹೆಚ್ಚಿನವು ಕಲ್ಲಿನ ಚಪ್ಪಡಿಗಳಿಂದ ಕಟ್ಟಿದವು. ಸೌತ್ ರೊನಾಲ್ಡ್ಸೆ ದ್ವೀಪದ ಕಡಲಬಂಡೆಯ ಅಂಚಿನಲ್ಲಿ ಒಬ್ಬ ರೈತನಿಗೆ 1958ರಲ್ಲಿ ಸಿಕ್ಕ ಗೋರಿಯಲ್ಲಿ ಮನುಷ್ಯರ ಸುಮಾರು 16,000 ಮೂಳೆಗಳಿದ್ದವು. ಜೊತೆಗೆ ಕಡಲಹದ್ದುಗಳ ಮೂಳೆಗಳೂ ಇದ್ದುದರಿಂದ ಅದಕ್ಕೆ ಹದ್ದುಗಳ ಗೋರಿ ಎಂದು ಹೆಸರಾಯಿತು. ಮೂಳೆಗಳ ಕಾಲ ಪರೀಕ್ಷಿಸಿದಾಗ ಹದ್ದುಗಳು ಗೋರಿ ಕಟ್ಟಿ ನೂರಾರು ವರ್ಷ ಕಳೆದ ಮೇಲೆ ಒಳಗೆ ಸೇರಿದವು ಎಂದು ತಿಳಿಯಿತು. ಅಂದರೆ ಕಟ್ಟಿದವರು ಹೋದ ಮೇಲೂ ಯಾರೋ ಆ ಗೋರಿಗೆ ಬರುತ್ತಲೇ ಇದ್ದರು. ಆ ಹದ್ದುಗಳು ಆರ್ಕ್ನಿಯಿಂದ ಅಳಿದೇ ಹೋಗಿದ್ದವು. 2018ರಲ್ಲಿ ಹೋಯ್ ದ್ವೀಪದಲ್ಲಿ ಮತ್ತೆ ಮರಿ ಮಾಡಿದವು.

ಇನ್ನೊಂದು ಮೇಸ್‌ಹೋ. ಯುನೆಸ್ಕೋ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಗುಂಪಿನಲ್ಲಿ ಇದೂ ಒಂದು. ಸುಮಾರು ಹತ್ತು ಮೀಟರ್ ಓಣಿಯಲ್ಲಿ ಬಗ್ಗಿ ಹೋಗಬೇಕು. ವರ್ಷದ ಅತಿ ಚಿಕ್ಕ ಹಗಲಿನ ಆಸುಪಾಸಿನಲ್ಲಿ ಮುಳುಗುವ ಸೂರ್ಯನ ಬೆಳಕು ಅದೇ ಓಣಿಯಿಂದ ಒಳಗಿನ ಗೋಡೆಗೆ ಬೀಳುತ್ತದೆ. 12ನೇ ಶತಮಾನದಲ್ಲಿ ನಾರ್ವೆ ಕಡೆಯ ಜನ ಇದರೊಳಗೆ ನುಗ್ಗಿ, ಗೋಡೆಯ ಮೇಲೆ ತಮ್ಮ ರೂನ್ ಲಿಪಿಯಲ್ಲಿ ಸುಮಾರು 30 ಕಡೆ ಗೀಚಿದರು. ಇಂಥವನು ಕೊರೆದ, ಇಂಥಲ್ಲಿ ನಿಧಿ ಇದೆ, ಇಂಥ ಮಾತುಗಳು. ಬಸ್ ಸ್ಟ್ಯಾಂಡಿನ ಗೋಡೆಯ ಬರಹಕ್ಕಿಂತ ದೊಡ್ಡದೇನಲ್ಲ. ಈಗ ವಿದ್ವಾಂಸರು ಅದನ್ನೇ ಓದಲು ದೂರದಿಂದ ಬರುತ್ತಾರೆ.

ಇಲ್ಲಿಗೆ ಬಂದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಕಾರಣ ಹೇಳಲು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ ಬರಬೇಕು. ಅಲ್ಲಿ ಸುಮಾರು 400 ಶಿಲಾಸಮಾಧಿಗಳಿವೆ. ಆಳೆತ್ತರಕ್ಕಿಂತ ಹೆಚ್ಚಿನ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವದರ ಗೋಡೆಯಲ್ಲಿ ದುಂಡನೆಯ ಕಿಂಡಿ. ಜನ ಇವನ್ನು ಮೋರಿಯರ ಮನೆ ಎನ್ನುತ್ತಾರೆ, ಮೋರಿಯರು ಮೂರಡಿ ಎತ್ತರದ ಕುಳ್ಳರು ಎಂದು ಕಥೆ. ಕಡಲಾಚೆಯೂ ಕುಳ್ಳರ ಕಥೆ, ಇಲ್ಲಿಯೂ ಕುಳ್ಳರ ಕಥೆ. ಇವೆರಡಕ್ಕೂ ಸಂಬಂಧ ಇದೆಯೆಂದಲ್ಲ. ನಮ್ಮವು ಕಬ್ಬಿಣದ ಕಾಲದವು, ಅವಕ್ಕಿಂತ ಎರಡು ಸಾವಿರ ವರ್ಷವಾದರೂ ಈಚಿನವು. ಚಿಕ್ಕ ಬಾಗಿಲು ಕಂಡರೆ ಮನುಷ್ಯರು ಎಲ್ಲಿದ್ದರೂ ಚಿಕ್ಕ ಜನರನ್ನು ಊಹಿಸುತ್ತಾರೆ, ಅಷ್ಟೇ. ಮೌನ್ಸಿ ಹೋಯ್‌ನಲ್ಲಿ ಕೂತಿದ್ದ ಕಾಲದಲ್ಲೇ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಆ ಸೀಮೆಯ ಇಂಥ ಸಮಾಧಿಗಳನ್ನು ಅಗೆಸಿ, ಯುರೋಪಿನವುಗಳ ಜೊತೆ ಹೋಲಿಸಿ ಬರೆದಿದ್ದರು.

ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಆ ಗುಡ್ಡ ಹತ್ತಿದ್ದೆ. ಅಂಗಡಿಯ ಕುರ್ಚಿ, ಪಾತ್ರೆಗಳ ಮೇಲೆ ಅಬ್ಬಾ ಅವರ ಹೆಸರು ಬರೆಯುವ ಪೇಂಟ್ ಮಾರ್ಕರ್ ಜೇಬಿನಲ್ಲಿತ್ತು. ಒಂದು ಚಪ್ಪಡಿಯ ಮೇಲೆ ನನ್ನ ಹೆಸರು, ತಾರೀಖು ಬರೆದೆ. ಗೆಳೆಯರು ಫೋಟೋ ತೆಗೆದರು. ಖಬರಸ್ತಾನದಲ್ಲಿ ಯಾರ ಖಬರನ್ನೂ ತುಳಿಯಬಾರದು ಎಂದು ಐದು ವರ್ಷದವನಿದ್ದಾಗಲೇ ಕಲಿತವನು ನಾನು. ಅಲ್ಲಿ ಅದು ನೆನಪಾಗಲೇ ಇಲ್ಲ. ಅದು ಖಬರು ಎಂದು ಅನಿಸಿರಲೇ ಇಲ್ಲ.

ಮೌನ್ಸಿಯ ಬರಹ ನನಗೆ ಇಷ್ಟವಾಗಿದೆ, ಸುಳ್ಳು ಹೇಳುವುದಿಲ್ಲ. ಆ ಬರಹ ಇಲ್ಲದಿದ್ದರೆ ಆರ್ಕ್ನಿ ಎಂಬ ಹೆಸರೇ ನನಗೆ ಗೊತ್ತಾಗುತ್ತಿರಲಿಲ್ಲ. ಹಾಗಿದ್ದರೆ ಅವರದ್ದು ಇತಿಹಾಸ, ನನ್ನದು ಗಲೀಜು ಹೇಗೆ ಎಂದು ದಾದಾ ಅವರನ್ನು ಕೇಳಿದೆ. "ಅವರೂ ಗಲೀಜೇ ಮಾಡಿದ್ದು. ಅಕ್ಷರ ಚೆನ್ನಾಗಿದೆ, ಅಷ್ಟೇ" ಎಂದರು.

ಮೊನ್ನೆ ಡಿಸೆಂಬರಿನಲ್ಲಿ ನೀರಿನ ಬಾಟಲಿ, ಬ್ರಷ್ ತೆಗೆದುಕೊಂಡು ಒಬ್ಬನೇ ಗುಡ್ಡ ಹತ್ತಿದೆ. ಸ್ವಲ್ಪ ಉಜ್ಜಿದೆ. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ದೂರದಿಂದ ನೋಡಿ ಹತ್ತಿರ ಬಂದರು. "ಉಜ್ಜಬ್ಯಾಡಪ್ಪ, ಕಲ್ಲಿನ ಮೈ ಕೆಡ್ತದ. ಮಳಿ ನೋಡ್ಕೊಂತದ ಬಿಡು" ಎಂದರು. ಬ್ರಷ್ ಚೀಲಕ್ಕೆ ಹಾಕಿದೆ. ತಾರೀಖು ಹೋಗಿದೆ. ಹೆಸರಿನ ಮೊದಲ ಎರಡು ಅಕ್ಷರ ಇನ್ನೂ ಕಾಣುತ್ತವೆ.