ನಿಗಾ ಘಟಕದಲ್ಲಿರುವವರಿಗೆ ನಿಜವನ್ನು ಹೇಳಿರಿ

ನಮ್ಮಲ್ಲಿ ಬಹುಕಾಲದಿಂದ ಔಷಧ ಪಡೆಯುತ್ತಿದ್ದ ಹಿರಿಯರೊಬ್ಬರಿಗೆ ಹೃದಯಾಘಾತವಾಗಿ, ಸ್ಟೆಂಟ್ ಅಳವಡಿಸಿ ತೀವ್ರ ನಿಗಾ ಘಟಕದಲ್ಲಿ ಇರಿಸಿದ್ದರು. "ಅಪ್ಪಾರಿಗೆ ಏನಂತ ಹೇಳೂಣ್ರಿ?" ಎಂದು ಮಕ್ಕಳು ಕೇಳಿದಾಗ, ಗ್ಯಾಸಿನ ತೊಂದರೆಯೆಂದು ಹೇಳಿರಿ ಎಂದೆವು. ಹೆದರದಿರಲಿ ಎಂಬುದು ನಮ್ಮ ಎಣಿಕೆ.

ಅವರು ಹೆದರಿದ್ದು ಆ ಸುಳ್ಳಿನಿಂದಲೇ. ಗ್ಯಾಸಿಗೆ ಎದೆಯ ಮೇಲೆ ಇಷ್ಟು ತಂತಿಗಳೇಕೆ? ಮಧ್ಯರಾತ್ರಿ ಮಾನಿಟರ್ ಕೂಗಿಕೊಂಡಿತು. ಗುಂಡಿಗೆ ನಿಂತಿತೆಂದೇ ತಿಳಿದು ಕೈಯ ಸೂಜಿ ಕಿತ್ತು ಏಳಹೊರಟರು. ನರ್ಸ್ ಓಡಿಬಂದು, "ಅಜ್ಜಾರ, ಬೆವರಿಗೆ ಈ ಪಟ್ಟಿ ಬಿಟ್ಟೈತಿ, ಅದಕ್ಕ ಕೂಗೈತಿ. ನಿಮ್ಮ ಎದಿ ಸರಿಯಾಗೇ ಬಡೀತೈತಿ" ಎಂದಳು. ರಕ್ತನಾಳ ಕಟ್ಟಿದ್ದು, ಅದನ್ನು ತೆರೆದದ್ದು, ಎಲ್ಲವನ್ನೂ ತಿಳಿಸಿದಳು. ಆಮೇಲೆ ಅವರಿಗೆ ನಿದ್ರೆ ಬಂದಿತು. ಮರುದಿನ "ಡಾಕ್ಟರ, ನನಗ ಮೊದಲ ಯಾಕ ಹೇಳಲಿಲ್ರಿ?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಹೃದಯವನ್ನು ಕಾಪಾಡಿಕೊಳ್ಳಬಯಸುವವನು ಮನಸ್ಸಿನ ದುಃಖಕ್ಕೆ ಕಾರಣವಾದವುಗಳನ್ನು ವಿಶೇಷವಾಗಿ ದೂರವಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನ ವಿಧಿಸುತ್ತದೆ. ಅದನ್ನು ಓದಿದ್ದ ನಾವೇ ಮರೆತಿದ್ದೆವು. 2014ರಲ್ಲಿ ಅಮೆರಿಕದ ಹೃದಯ ಸಂಘವೂ ಹೃದಯಾಘಾತದ ನಂತರದ ಖಿನ್ನತೆಯನ್ನು ಅಪಾಯಕಾರಿ ಅಂಶವೆಂದೇ ಪರಿಗಣಿಸಬೇಕೆಂದಿತು.

ಒಳಗೆ ಬಿಡುವುದು ಐದು ನಿಮಿಷವಾದರೂ ಇಂದು ಯಾವ ವಾರ, ಈಗ ಹಗಲೋ ರಾತ್ರಿಯೋ ಎಂಬುದನ್ನು ರೋಗಿಗೆ ಹೇಳಿರಿ. ಅಲ್ಲಿ ಸದಾ ದೀಪ ಉರಿಯುವುದರಿಂದ ಹೊತ್ತು ತಿಳಿಯದು. ಕನ್ನಡಕ, ಶ್ರವಣಯಂತ್ರಗಳನ್ನು ತಲುಪಿಸಿರಿ. ವೃದ್ಧರು ರಾತ್ರಿ ಅಸಂಬದ್ಧವಾಗಿ ಮಾತನಾಡಿದರೆ ಹುಚ್ಚೆಂದು ಗಾಬರಿಪಡದೆ ವೈದ್ಯರ ಗಮನಕ್ಕೆ ತನ್ನಿರಿ. ಬಿಲ್ಲಿನ ಚರ್ಚೆ ಹಾಸಿಗೆಯ ಬಳಿ ಬೇಡ.

ಕೊರಳ ಇಷ್ಟಲಿಂಗವನ್ನು ತೆಗೆಯಬೇಕಾದಾಗ ನಮ್ಮವರು ಪಡುವ ಸಂಕಟವೇ ಬೇರೆ. ಲೋಹದ ಕರಡಿಗೆ ಕ್ಷಕಿರಣ ಚಿತ್ರಕ್ಕೆ ಅಡ್ಡಬರುತ್ತದೆ. ಕಾರಣವನ್ನೂ ಅದು ಯಾರ ಕೈಯಲ್ಲಿದೆಯೆಂಬುದನ್ನೂ ತಿಳಿಸಿ, ವೈದ್ಯರು ಒಪ್ಪಿದೊಡನೆ ಮರಳಿಸಿರಿ.

ಆದರೆ ಕಷಾಯ, ಚೂರ್ಣಗಳನ್ನು ಗುಟ್ಟಾಗಿ ಕೊಡಕೂಡದು. ಆಯುರ್ವೇದದವರಾದ ನಾವೇ ಇದನ್ನು ಹೇಳುತ್ತಿದ್ದೇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳೊಡನೆ ಕೆಲವು ಮೂಲಿಕೆಗಳು ಸೇರಿದರೆ ರಕ್ತಸ್ರಾವವಾದೀತು.

ಮನೆಗೆ ಮರಳಿದ ಮೇಲೆ ಎರಡು ವಾರ ಕಳೆದರೂ ನಿದ್ರೆಯಿಲ್ಲ, ಊಟ ಸೇರದು, ಯಾರೊಡನೆಯೂ ಮಾತು ಬೇಡವೆಂದರೆ ಅದನ್ನು ದೌರ್ಬಲ್ಯವೆಂದು ತಳ್ಳಿಹಾಕದೆ, ಮುಂದಿನ ತಪಾಸಣೆಗೆ ಕಾಯದೆ ಹೃದಯವೈದ್ಯರಿಗೆ ತಿಳಿಸಿರಿ.