ವೈನ್ ರುಚಿ ನೋಡಲು ಕಲಿತ ದ್ರಾಕ್ಷಿ ಬೆಳೆಗಾರರು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರ. ಎರಡೂ ದಾರಿಯಲ್ಲಿ ದ್ರಾಕ್ಷಿ ಚಪ್ಪರ, ಬಲೆ ಕಟ್ಟಿದ ಒಣದ್ರಾಕ್ಷಿ ಶೆಡ್ಡು ಕಣ್ಣಿಗೆ ಬೀಳದೆ ಇರವು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಡಾಗ್‌ರಿಡ್ಜ್ ಬೇರು, ಜಿ.ಎ. ಅದ್ದುವುದು ಎಲ್ಲ ನಮ್ಮ ಮಕ್ಕಳಿಗೂ ಬಾಯಿಪಾಠ. 4 ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ 1 ಕಿಲೋ ಮನೂಕ ಎಂಬ ಲೆಕ್ಕ ಬಾರದವನು ಇಲ್ಲಿ ಇಲ್ಲ. ಆದರೆ ಇದೇ ಹಣ್ಣಿನ ಇನ್ನೊಂದು ರೂಪವಾದ ವೈನಿನ ಬಗ್ಗೆ ಕೇಳಿ ನೋಡಿ. "ಅದು ಶ್ರೀಮಂತರ ಬಾಬತ್ತು ಬಿಡ್ರಿ" ಎಂಬ ಉತ್ತರ ಬರುತ್ತದೆ. ಇಲ್ಲವೇ "ಎಲ್ಲಾ ಶೆರೇನೂ ಒಂದೇ" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಒಬ್ಬ ದಲ್ಲಾಳಿ ನಮ್ಮ ಕಡೆ ಓಡಾಡಿದ. ಥಾಮ್ಸನ್ ಕಿತ್ತು ವೈನ್ ತಳಿ ಹಚ್ರಿ, ಖರೀದಿ ನಮ್ಮದು ಎಂದ. ಮನೂಕದ ದರ ಕುಸಿದಿದ್ದ ಕಾಲ, ಮಾತು ಸಿಹಿಯಾಗಿಯೇ ಕೇಳಿಸಿತು. ನನ್ನದು ಒಟ್ಟು 3 ಎಕರೆ ಚಪ್ಪರ. ಅದರಲ್ಲಿ 1 ಎಕರೆ ಕೀಳುವುದು ಹುಡುಗಾಟವಲ್ಲ. ಆಗ ಬಬಲೇಶ್ವರದ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು: "ಅದರ ರುಚಿ ಹೆಂಗಿರತೈತಿ ಅಂತ ಗೊತ್ತಿಲ್ಲದ ಬೆಳಿ ಹಚ್ಚೂದು ಹೆಂಗ?" ಅಲ್ಲಿಂದ ಶುರುವಾಯಿತು ನಮ್ಮ ಕಲಿಕೆ. ನಾವು ನಾಲ್ವರು ಕೃಷಿಕರು. ತಿಂಗಳಿಗೆ ಒಂದೇ ಬಾಟಲಿ. ಬಾಟಲಿಗೆ ಸಾವಿರ ರೂ. ಮೀರಬಾರದು ಎಂಬುದು ಕರಾರು. ತಲೆಗೆ 250 ರೂ. ಒಳಗೇ ಮುಗಿಯುತ್ತದೆ.

ಅಂಗಡಿಯಲ್ಲಿ ಹುಡುಕುವುದು

ವಿಜಯಪುರದಲ್ಲಿ 'ವೈನ್ಸ್' ಎಂದು ಬೋರ್ಡಿರುವ ಅಂಗಡಿಗಳಿಗೆ ಬರವಿಲ್ಲ. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಅಂಗಡಿಯವನು ನಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾನೆ. ಮಾರಾಟ ಆಗುವುದು ವಿಸ್ಕಿ, ರಮ್ಮು. ವೈನ್ ಮೂಲೆಯಲ್ಲಿ ಧೂಳು ಹಿಡಿದಿರುತ್ತದೆ. ಕೊಳ್ಳುವ ಮುನ್ನ ಮೂರು ಸಂಗತಿ ನೋಡಿ.

ಒಂದು: ಬಾಟಲಿ ಎಲ್ಲಿಟ್ಟಿದ್ದಾರೆ? ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತ ವೈನ್ ಒಳಗೇ ಬೆಂದು, ಕುದಿಸಿದ ಹಣ್ಣಿನ ರುಚಿ ಬರುತ್ತದೆ. ಒಳಗಿನ ತಂಪು ಜಾಗದ ಬಾಟಲಿ ಕೇಳಿ.

ಎರಡು: ಲೇಬಲ್ ಮೇಲಿನ ಮದ್ಯಸಾರದ ಪ್ರಮಾಣ. ಸಾಮಾನ್ಯ ವೈನಿನಲ್ಲಿ 11ರಿಂದ 14%. ಅದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಹೊರಗಿನಿಂದ ಸ್ಪಿರಿಟ್ ಸೇರಿಸಿದ 'ಫೋರ್ಟಿಫೈಡ್' ಮಾಲು. ಅಗ್ಗ, ಸಿಹಿ, ನಿಶೆ ಜಾಸ್ತಿ. ಹಣ್ಣಿನ ಗುಣ ತಿಳಿಯಲು ಅದು ಉಪಯೋಗವಿಲ್ಲ.

ಮೂರು: ವರ್ಷ. ಕಡಿಮೆ ದರದ ಬಿಳಿ ವೈನ್ ಇಟ್ಟು ಹಳತು ಮಾಡುವ ಸರಕಲ್ಲ. ಒಂದೆರಡು ವರ್ಷದೊಳಗಿನದೇ ಒಳ್ಳೆಯದು. ಬಣ್ಣ ಚಹಾದ ಕಡೆ ತಿರುಗಿದ್ದರೆ ಬಿಟ್ಟುಬಿಡಿ.

ಇನ್ನು ಕಾರ್ಕ್ ಇದ್ದರೆ ಶ್ರೇಷ್ಠ, ತಿರುಗಣೆ ಮುಚ್ಚಳ ಇದ್ದರೆ ಕನಿಷ್ಠ ಎಂಬುದು ಸುಳ್ಳು. ಬೇಗ ಕುಡಿಯುವ ವೈನಿಗೆ ತಿರುಗಣೆ ಮುಚ್ಚಳವೇ ಅನುಕೂಲ.

ರುಚಿ ನೋಡುವ ಕ್ರಮ

ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಬಾಯಿ ತುಸು ಒಳಬಾಗಿದ ಗಾಜಿನ ಲೋಟ ಇರಲಿ. ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ.

ಮೊದಲು ಬಿಳಿ ಕಾಗದದ ಮೇಲೆ ಹಿಡಿದು ಬಣ್ಣ ನೋಡಿ. ನಂತರ ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಗಿನ ಹತ್ತಿರ ತನ್ನಿ. ಬಳಿಕ ಒಂದು ಗುಟುಕು ತೆಗೆದುಕೊಂಡು ನುಂಗದೆ, ಬಾಯಿಯ ತುಂಬ ಆಡಿಸಿ, ನಾಲ್ಕೈದು ಸೆಕೆಂಡು ಹಿಡಿದಿಡಿ. ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ಉಳಿಯಿತು ಗಮನಿಸಿ. ಉಗುಳುವುದು ಅವಮಾನವಲ್ಲ. ವೈನ್ ಪರೀಕ್ಷೆ ಮಾಡುವವರೆಲ್ಲ ಉಗುಳುತ್ತಾರೆ. ನಮ್ಮಲ್ಲಿ ಒಬ್ಬ ನುಂಗುವುದೇ ಇಲ್ಲ. ಪಕ್ಕದಲ್ಲಿ ಒಂದು ತಂಬಿಗೆ ಇಟ್ಟುಕೊಳ್ಳುತ್ತಾನೆ. ಬಣ್ಣದಲ್ಲಿ, ವಾಸನೆಯಲ್ಲಿ ಕಂಡಿದ್ದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವನೂ ಅವನೇ.

ಬಾಯಿಯೊಳಗೆ ನೋಡಬೇಕಾದದ್ದು ನಾಲ್ಕು: ಸಿಹಿ, ಹುಳಿ, ಒಗರು, ಮದ್ಯಸಾರದ ಬಿಸಿ. ಸಿಹಿ ನಾಲಿಗೆಗೆ ಕೂಡಲೇ ತಿಳಿಯುತ್ತದೆ. ಹುಳಿ ಇದ್ದರೆ ಗಲ್ಲದ ಒಳಗಿನಿಂದ ನೀರೂರುತ್ತದೆ. ಒಗರಿದ್ದರೆ ವಸಡು ಬಿಗಿದುಕೊಳ್ಳುತ್ತದೆ, ಎಳೆ ಅಡಿಕೆ ಅಗಿದ ಹಾಗೆ, ಕಾಯಿ ನೇರಳೆ ತಿಂದ ಹಾಗೆ. ಬಿಸಿ ಗಂಟಲಲ್ಲಿ ಗೊತ್ತಾಗುತ್ತದೆ. ಈ ನಾಲ್ಕರಲ್ಲಿ ಯಾವುದೂ ಇನ್ನೊಂದರ ಮೇಲೆ ಏರಿ ಕೂರದಿದ್ದರೆ ಅದು ಒಳ್ಳೆಯ ವೈನ್. ದರ ಎಷ್ಟೇ ಇರಲಿ.

ಮಾತು ನಮ್ಮದೇ ಇರಲಿ

ಬಾಟಲಿಯ ಹಿಂಬದಿ ಓದಿದರೆ ನಾವು ಕಂಡೇ ಇಲ್ಲದ ವಿದೇಶಿ ಹಣ್ಣುಗಳ ಹೆಸರು. ಮೊದಲ ಎರಡು ತಿಂಗಳು ಆ ಹೆಸರುಗಳನ್ನು ಹುಡುಕಿ ಸುಸ್ತಾದೆವು. ಮೂರನೇ ತಿಂಗಳು ತಿಕೋಟಾದ ಗೆಳೆಯ ಲೋಟ ಮೂಸಿ, "ಇದು ಪೇರಲ ಹಣ್ಣಿನ ವಾಸನಿ, ನಮ್ಮ ಬದುವಿನ ಮ್ಯಾಲಿಂದ" ಎಂದ. ಅಲ್ಲಿಂದ ಮುಂದೆ ನೋಟ್ ಪುಸ್ತಕದಲ್ಲಿ ನಮ್ಮ ಮಾತೇ ಬರೆದೆವು. ಪೇರಲ, ಲಿಂಬೆ ಸಿಪ್ಪೆ, ಹಸಿ ಹುಲ್ಲು, ನೇರಳೆ, ಬಾರಿ ಹಣ್ಣು, ಹಳೆ ಹುಣಸೆ, ಬೆಲ್ಲದ ಪಾಕ, ಮೆಣಸು, ಮೊದಲ ಮಳೆ ಬಿದ್ದ ಎರೆಮಣ್ಣು. ಕೆಟ್ಟದ್ದಕ್ಕೂ ಮಾತಿದೆ: ವಿನಿಗರ್ ವಾಸನೆ ಬಂದರೆ ಗಾಳಿ ಹೊಕ್ಕು ಹುಳಿತದ್ದು. ತೊಯ್ದ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದ್ದು.

ದಿನವೂ ಹೊಲದಲ್ಲಿ ಮೂಗು, ನಾಲಿಗೆ ಬಳಸುವ ಕೃಷಿಕನಿಗೆ ಈ ವಿದ್ಯೆ ಬೇಗ ಹತ್ತುತ್ತದೆ. ಹಣ್ಣು ಬಾಯಿಗೆ ಹಾಕಿ ಬ್ರಿಕ್ಸ್ ಅಂದಾಜು ಹೇಳುವವರು ನಾವು.

ನಾವು ನೋಡಿದ ಕೆಲವು

ಬಿಳಿ ವೈನಿನಲ್ಲಿ ಹೊಸಬರಿಗೆ ಚೆನಿನ್ ಬ್ಲಾಂಕ್ ತಳಿ ಸುಲಭ. ನಾಸಿಕದ ಸುಲಾದವರದು ತುಸು ಸಿಹಿ, ಹಣ್ಣಿನ ವಾಸನೆ ಮುಂದೆ. ಸಾವಿನ್ಯೋ ಬ್ಲಾಂಕ್ ಅದಕ್ಕಿಂತ ಹುಳಿ, ಹಸಿ ಹುಲ್ಲಿನ, ದೊಣ್ಣೆಮೆಣಸಿನಕಾಯಿಯ ವಾಸನೆ.

ಕೆಂಪು ವೈನಿನಲ್ಲಿ ಶಿರಾಜ್ ಮೊದಲು ನೋಡಿ. ನೇರಳೆ, ಮೆಣಸು ಎರಡೂ ಸಿಗುತ್ತವೆ. ಕ್ಯಾಬರ್ನೆ ಸಾವಿನ್ಯೋ ಒಗರು ಜಾಸ್ತಿ, ಅದು ಎರಡನೇ ಪಾಠ. ಕರ್ನಾಟಕದ್ದೇ ಬೇಕೆಂದರೆ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಗ್ರೋವರ್. 1988ರಲ್ಲಿ ಶುರುವಾದ ಸಂಸ್ಥೆ. ಅವರ ದುಬಾರಿ ಬಾಟಲಿ ಬಿಟ್ಟು ಕೆಳದರ್ಜೆಯ ದರದ್ದರಲ್ಲೂ ಕಲಿಯುವುದು ಬೇಕಾದಷ್ಟಿದೆ. ನಮಗೆ ಹತ್ತಿರದ ಕೊಪ್ಪಳ ಜಿಲ್ಲೆಯ ಹನುಮಸಾಗರದಲ್ಲಿ ಕೃಷ್ಮಾದವರ ತೋಟವಿದೆ. ಅವರ ವೈನಿಗೆ ಹೆಸರಿದೆ, ಆದರೆ ನಮ್ಮ ಸಾವಿರ ರೂಪಾಯಿ ಕರಾರಿಗೆ ಅದು ದಕ್ಕುವುದಿಲ್ಲ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜ. ಅಲ್ಲಿಯ ಫ್ರಾಟೆಲ್ಲಿ ಸಂಸ್ಥೆಯನ್ನು 2007ರಲ್ಲಿ ಇಟಲಿಯ ಮತ್ತು ನಮ್ಮ ದೇಶದ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಇಟಲಿ ಮಾತಿನಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಇಟಲಿಯ ಸಾಂಜೊವೇಸೆ ತಳಿಯನ್ನು ಆ ಬಿಸಿಲಲ್ಲಿ ಬೆಳೆದಿದ್ದಾರೆ. ಬಿಸಿಲು, ಒಣ ಹವೆ ನಮ್ಮದರಂತೆಯೇ. ಅದರ ಹುಳಿ ನೋಡಿ ಬಬಲೇಶ್ವರದ ಗೆಳೆಯ, "ಇಷ್ಟು ಬಿಸಲಾಗೂ ಹುಳಿ ಉಳಿಸ್ಯಾರಲ್ಲ" ಎಂದ. ಬೆಳೆಗಾರನ ಮೆಚ್ಚುಗೆ ಎಂದರೆ ಅದು.

ಬೆಂಗಳೂರು ಬ್ಲೂ ತಳಿಯ ಸಿಹಿ ಕೆಂಪು ವೈನ್ ಎಲ್ಲಕ್ಕಿಂತ ಅಗ್ಗ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮದೇ ರಾಜ್ಯದ ಹಣ್ಣು ಅದು. ಮಕ್ಕಳ ದ್ರಾಕ್ಷಿ ಪೆಪ್ಪರಮೆಂಟಿನಂಥ ಘಾಟು ವಾಸನೆ. ತಂಪು ಮಾಡಿ ಕುಡಿದರೆ ತಪ್ಪೇನಿಲ್ಲ.

ಬಿಸಿಲು ಮತ್ತು ಖಾರ

ಪುಸ್ತಕಗಳಲ್ಲಿ ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂದಿರುತ್ತದೆ. ಅದು ಚಳಿ ದೇಶದ ಕೋಣೆ. 16ರಿಂದ 18 ಡಿಗ್ರಿ. ನಮ್ಮ ಕೋಣೆ ಏಪ್ರಿಲ್‌ನಲ್ಲಿ ಅದರ ಎರಡು ಪಟ್ಟು. ಹಾಗಾಗಿ ಕೆಂಪನ್ನೂ ಒಂದು ತಾಸಿನಷ್ಟು ಫ್ರಿಜ್ಜಿನಲ್ಲಿಡಿ. ಬಿಳಿಗೆ ಮೂರು ತಾಸು ಬೇಕು. ಹೊಲದಲ್ಲಾದರೆ ತೊಯ್ದ ಬಟ್ಟೆ ಸುತ್ತಿ ಗಾಳಿಗಿಡಿ, ಅಷ್ಟರಮಟ್ಟಿಗೆ ತಂಪಾಗುತ್ತದೆ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ದಿನ ನಡೆಯುತ್ತದೆ. ಒಂದೇ ದಿನ ಮುಗಿಸಬೇಕೆಂಬ ಅವಸರ ಬೇಡ.

ಊಟದ ವಿಷಯ. ಕೆಂಪು ಚಟ್ನಿ, ಒಗರಿನ ಕೆಂಪು ವೈನ್ ಎರಡೂ ಕೂಡಿದರೆ ಬಾಯಿ ಉರಿಯುತ್ತದೆ. ಖಾರವು ಒಗರನ್ನೂ ಮದ್ಯಸಾರದ ಬಿಸಿಯನ್ನೂ ಹೆಚ್ಚಿಸುತ್ತದೆ. ಖಾರದ ಊಟಕ್ಕೆ ತುಸು ಸಿಹಿಯ ತಂಪು ಚೆನಿನ್ ಹೊಂದುತ್ತದೆ. ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯದ ಜೊತೆ ಶಿರಾಜ್ ಪರವಾಗಿಲ್ಲ. ಶೇಂಗಾದ ಎಣ್ಣೆಯಂಶ ಒಗರನ್ನು ಮೆತ್ತಗಾಗಿಸುತ್ತದೆ. ಹೋಳಿಗೆ ಜೊತೆ ಹುಳಿ ವೈನ್ ಮಾತ್ರ ಬೇಡವೇ ಬೇಡ, ಎರಡೂ ಕೆಡುತ್ತವೆ.

ಚಪ್ಪರಕ್ಕೆ ಏನು ಕಲಿತೆವು?

ಮುಖ್ಯ ಮಾತು ಇಲ್ಲಿದೆ. ವೈನ್ ರುಚಿ ನೋಡಿದ ಮೇಲೆ ದ್ರಾಕ್ಷಿಯನ್ನು ನೋಡುವ ಕಣ್ಣೇ ಬೇರೆಯಾಯಿತು. ನಾವು ಥಾಮ್ಸನ್‌ಗೆ ಜಿ.ಎ. ಕೊಟ್ಟು, ನೀರು ಕೊಟ್ಟು ಕಾಳು ದಪ್ಪ ಮಾಡುತ್ತೇವೆ. ತಿನ್ನುವವನಿಗೆ ದಪ್ಪ ಕಾಳು, ತೆಳು ಸಿಪ್ಪೆ, ಬೀಜವಿಲ್ಲದ್ದು ಬೇಕು. ವೈನಿಗೆ ಪೂರ್ತಿ ಉಲ್ಟಾ. ಸಣ್ಣ ಕಾಳು, ದಪ್ಪ ಸಿಪ್ಪೆ, ಬೀಜ ಇದ್ದರೂ ಸರಿ. ಕೆಂಪು ವೈನಿನ ಬಣ್ಣ, ಒಗರು ಬರುವುದೇ ಸಿಪ್ಪೆ ಬೀಜಗಳಿಂದ, ಏಕೆಂದರೆ ಅದನ್ನು ಸಿಪ್ಪೆ ಸಹಿತ ಹುಳಿಯಿಸುತ್ತಾರೆ. ಬಿಳಿಗೆ ರಸ ಮಾತ್ರ ಹಿಂಡುತ್ತಾರೆ. ಸಕ್ಕರೆ ಯೀಸ್ಟಿನಿಂದ ಮದ್ಯಸಾರವಾಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ 1% ಮದ್ಯಸಾರ. ಹಾಗಾಗಿ 22-24 ಬ್ರಿಕ್ಸ್ ಬೇಕು. ಬರೀ ಸಕ್ಕರೆ ಏರಿದರೆ ಸಾಲದು, ಹುಳಿ ಉಳಿದಿರಬೇಕು. ಬಿಸಿಲು ಜಾಸ್ತಿಯಾದಂತೆ ಹುಳಿ ಬೇಗ ಇಳಿಯುತ್ತದೆ. ನಮ್ಮ ಭಾಗದ ಕಷ್ಟ ಇರುವುದು ಇಲ್ಲಿಯೇ. ಬೆಳಗಿನ ಜಾವ ಕೊಯ್ಯುವುದು, ಗೊನೆಗೆ ಎಲೆ ನೆರಳು ಉಳಿಸುವುದು, ಇಳುವರಿ ಮಿತಿಯಲ್ಲಿಡುವುದು ಎಲ್ಲ ಅದಕ್ಕೇ.

ಇಳುವರಿ ಮಿತಿ ಎಂದರೆ ತೂಕ ಕಡಿಮೆ. ಒಂದು ಬಾಟಲಿಗೆ ಕಿಲೋಗಿಂತ ತುಸು ಹೆಚ್ಚು ಹಣ್ಣು ಸಾಕು. ಬಾಟಲಿಯ ಸಾವಿರ ರೂ. ನೋಡಿ ಬೆಳೆಗಾರ ಆಸೆಪಡಬಾರದು. ತೆರಿಗೆ, ಗಾಜು, ಸಾಗಾಟ, ಅಂಗಡಿ ಎಲ್ಲರ ಪಾಲು ಕಳೆದು ಹಣ್ಣಿನವನಿಗೆ ಬರುವುದು ಸಣ್ಣ ಚೂರು.

ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಈ ಭಾಗಕ್ಕೆ 'ಕೃಷ್ಣಾ ಕಣಿವೆ' ಎಂಬ ಹೆಸರೂ ಬಂತು. ಹೆಸರು ಚೆಂದ. ಆದರೆ ಥಾಮ್ಸನ್‌ಗೆ ಮೂರು ದಾರಿ ಇವೆ. ಹಸಿ ಹಣ್ಣು ಮಾರಬಹುದು, ಮನೂಕ ಮಾಡಬಹುದು, ದರ ಬಿದ್ದರೆ ಮನೂಕವನ್ನು ಶೀತಲಗೃಹದಲ್ಲಿಟ್ಟು ಕಾಯಬಹುದು. ವೈನ್ ಹಣ್ಣಿಗೆ ಒಂದೇ ಬಾಗಿಲು. ವೈನರಿ ಬೇಡವೆಂದರೆ ವಿಜಯಪುರದ ಬಜಾರಿನಲ್ಲಿ ಬೀಜದ ಸಣ್ಣ ಕಾಳನ್ನು ಕೇಳುವವರಿಲ್ಲ.

ನಾವು ನಾಲ್ವರೂ ಕೂಡಿ ತೀರ್ಮಾನಿಸಿದ್ದು ಇಷ್ಟು. ದರ, ಬ್ರಿಕ್ಸ್, ಹಣ ಕೊಡುವ ದಿನ, ವರ್ಷಗಳ ಸಂಖ್ಯೆ ಎಲ್ಲ ಬರೆದ ಕರಾರು ಕೈಗೆ ಬರುವ ತನಕ ಒಂದು ಬಳ್ಳಿಯನ್ನೂ ಕೀಳುವುದಿಲ್ಲ. ದಲ್ಲಾಳಿ ಬಾಯಿಮಾತಿನಲ್ಲೇ ನಿಂತ. ನನ್ನ 1 ಎಕರೆ ಥಾಮ್ಸನ್ ಹಾಗೇ ಇದೆ.

ಎಚ್ಚರದ ಮಾತು

ವೈನೂ ಮದ್ಯವೇ. ಔಷಧಿ ಅಂಗಡಿಯ ದ್ರಾಕ್ಷಾಸವದಲ್ಲೂ ಹುಳಿತದಿಂದ ಹುಟ್ಟಿದ ಮದ್ಯಸಾರ ಇರುತ್ತದೆ ಎಂದು ಹೇಳಿ ವೈನನ್ನು ಔಷಧ ಮಾಡಬೇಡಿ. ಎಷ್ಟು ಕಡಿಮೆ ಕುಡಿದರೂ ಪೂರ್ತಿ ಸುರಕ್ಷಿತವೆಂಬ ಮಟ್ಟವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿತದಿಂದ ಹೊಲ ಕಳೆದುಕೊಂಡ ಮನೆಗಳು ನಮ್ಮೂರಲ್ಲೂ ಇವೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ. ಮೂಸಿ, ಬಾಯಾಡಿಸಿ ಉಗುಳಿದರೂ ಕಲಿಕೆಗೆ ಸಾಕು. ರುಚಿ ನೋಡಿದ ದಿನ ಬೈಕು ಮುಟ್ಟಬೇಡಿ. ಮನೆಯಲ್ಲಿ ಮಾಡಿ ಮಾರುವ ಯೋಚನೆಯೂ ಬೇಡ, ಅಬಕಾರಿ ಪರವಾನಗಿ ಇಲ್ಲದೆ ಅದು ಅಪರಾಧ.

ದ್ರಾಕ್ಷಿ ಇಲ್ಲದ ಊರಿನವರಿಗೂ ಒಂದು ಮಾತು. ನೀವು ಬೆಳೆಯುವುದು ಕಾಫಿಯೋ ಕೋಕೋವೋ ಕಾಳುಮೆಣಸೋ ಇರಬಹುದು. ಕೊನೆಗೆ ಅದನ್ನು ಕೊಳ್ಳುವವನು ಯಾವ ರುಚಿಗೆ ದುಡ್ಡು ಕೊಡುತ್ತಾನೆ ಎಂದು ನಿಮ್ಮ ನಾಲಿಗೆಗೆ ಗೊತ್ತಿರಲಿ. ನಾಲ್ಕು ಜನ ಕೂಡಿ, ಕಡಿಮೆ ದರದ ಮಾಲನ್ನೇ ತಂದು, ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾರಾದರೂ ಬಂದು "ಹಳೇ ಬೆಳಿ ಕಿತ್ತು ಇದನ್ನ ಹಚ್ರಿ" ಎಂದಾಗ ಕೇಳಬೇಕಾದ ಪ್ರಶ್ನೆಗಳು ಆ ಪುಸ್ತಕದಲ್ಲೇ ಸಿಗುತ್ತವೆ.