ಊರಲ್ಲೇ ಫೋಟೊ ತೆಗೆಯಬಹುದೇ?

ಪ್ರಶ್ನೆ: ನಮ್ಮದು ಗಂಡಸಿ. ಒಳ್ಳೆಯ ಫೋಟೊಗೆ ಬೇಲೂರು, ಹಳೇಬೀಡಿಗೇ ಹೋಗಬೇಕೇ?

ಉತ್ತರ: ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯನ್ನು ರಿಚರ್ಡ್ ಓಕ್ಲಿ ಎಂಬಾತ 1856ರಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದಾನೆ. ಆಮೇಲೆ ತೆಗೆದವರಿಗೆ ಲೆಕ್ಕವಿಲ್ಲ. ನಿಮ್ಮ ಪೇಟೆಬೀದಿಯನ್ನು ಹಾಗೆ ಕಂಡವರೆಷ್ಟು ಮಂದಿ?

ಕೊಬ್ಬರಿಯಿಂದಲೇ ಶುರುಮಾಡಿ. ಅರಸೀಕೆರೆ ಸೀಮೆಯ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಆ ಅಟ್ಟಕ್ಕಾಗಿಯೇ ಮನೆಯ ಸೂರು, ತೊಲೆ, ಏಣಿ ಎಲ್ಲವೂ ಹೊಂದಿಕೊಂಡಿರುತ್ತವೆ. ವಾಸ್ತುಶಿಲ್ಪ ಅಂದರೆ ಗುಡಿಯೊಂದೇ ಅಲ್ಲವಲ್ಲ! ಹೆಂಚಿನ ಸಂದಿನಿಂದ ಇಳಿದ ಬಿಸಿಲು ಕಾಯಿರಾಶಿಯ ಮೇಲೆ ಬಿದ್ದಾಗ, ಮೊಬೈಲ್ ಪರದೆಯಲ್ಲಿ ಬೆಳಕಿನ ಚುಕ್ಕೆಯನ್ನೇ ಮುಟ್ಟಿ, ಬೆಳಕನ್ನು ತುಸು ತಗ್ಗಿಸಿ. ನೆರಳು ಕಪ್ಪಾಗಲಿ ಬಿಡಿ, ಕಾಯಿಯ ನಾರು ಎಳೆಎಳೆಯಾಗಿ ಕಾಣುತ್ತದೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ.

ಜಗಲಿಯಲ್ಲಿ ಕೂತ ಅಜ್ಜಿಯನ್ನು ಕೇಳಿಯೇ ತೆಗೆಯಿರಿ. ಮೊದಲ ಫೋಟೊಗೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಮಾತು ಮುಂದುವರಿಸಿ, ಐದನೆಯದು ಚೆನ್ನಾಗಿರುತ್ತದೆ.

ಗುಡಿಯೇ ಬೇಕೆಂದರೆ ಅರಸೀಕೆರೆಯ ಈಶ್ವರ ದೇವಾಲಯ ಹತ್ತಿರದಲ್ಲೇ ಇದೆ, ಸುಮಾರು 1220ರದು. ಅದರ ಮುಂದಿನ ನಕ್ಷತ್ರಾಕಾರದ ಮಂಟಪ ಹೊಯ್ಸಳರಲ್ಲೂ ಅಪರೂಪದ್ದು. ಬಳಪದ ಕಲ್ಲಿನ ಕೆತ್ತನೆಗೆ ನಡುಹಗಲ ಬಿಸಿಲು ಒಗ್ಗದು, ಓರೆಬೆಳಕು ಬೇಕು. ಹಳೇಬೀಡಿನ ಪಶ್ಚಿಮ ಗೋಡೆಗಾದರೆ ಇಳಿಹೊತ್ತಿಗೆ ಹೋಗಿ. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಊರಿನ ಚಿತ್ರವನ್ನು ಅಚ್ಚು ಹಾಕಿಸಿದರೆ ಅದರ ಹಿಂದೆ ಬೀದಿಯ ಹೆಸರು, ತಾರೀಖು ಬರೆದಿಡಿ.